ಹಳೇ ಹಾಲಿವುಡ್ ಸಾಹಸ ಚಿತ್ರಗಳನ್ನು ಇನ್ನೂ ಯಾಕೆ ನೋಡ್ತೀರಿ?

ಬೇರೆ ನಾಡಿನ ನಟರು ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಭಾರತೀಯರಾಗುವ ಸಿನಿಮಾಗಳವು, ಅವನ್ನೇನು ನೋಡೋದು ಅಂತ ಎಷ್ಟೋ ಜನ ನನ್ನನ್ನು ಕೇಳುತ್ತಾರೆ. ನಾನು ನೋಡುವುದು ಮುಖ್ಯವಾಗಿ ಸಾಬುಗಾಗಿ.

ಸಾಬು ನಮ್ಮ ಮೈಸೂರು ಸೀಮೆಯ ಹುಡುಗ. 1924ರಲ್ಲಿ ಕಾರಾಪುರದಲ್ಲಿ ಹುಟ್ಟಿದ, ಮಾವುತನ ಮಗ. ಅಮೆರಿಕದ ಸಾಕ್ಷ್ಯಚಿತ್ರ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿಯ ತಂಡ ಮೈಸೂರಿಗೆ ಚಿತ್ರೀಕರಣಕ್ಕೆ ಬಂದಾಗ ಅವರ ಕಣ್ಣಿಗೆ ಬಿದ್ದ. 1937ರಲ್ಲಿ ಅವನೇ ಮುಖ್ಯ ಪಾತ್ರದಲ್ಲಿದ್ದ 'ಎಲಿಫೆಂಟ್ ಬಾಯ್' ತೆರೆಗೆ ಬಂತು. ಮೊದಲು ಲಂಡನ್, ಆಮೇಲೆ ಹಾಲಿವುಡ್.

ಆ ಕಾಲದಲ್ಲಿ ಭಾರತೀಯನೇ ಭಾರತೀಯನಾಗಿ ನಟಿಸುವುದು ಎಷ್ಟು ಅಪರೂಪ ಅಂತ ತಿಳಿಯಲು 1939ರ 'ಗಂಗಾ ದಿನ್' ನೋಡಬೇಕು. ನೀರು ಹೊರುವ ಭಾರತೀಯನಾಗಿ ನಟಿಸಿದವರು ನ್ಯೂಯಾರ್ಕಿನ ಸ್ಯಾಮ್ ಜಾಫಿ. ಕಾಳಿ ಭಕ್ತರ ಗುರುವಾದವರು ಇಟಲಿಯಲ್ಲಿ ಹುಟ್ಟಿದ ಎಡ್ವಾರ್ಡೊ ಚಿಯಾನೆಲ್ಲಿ. ಕಥೆ ನಡೆಯುವ ಭಾರತದ ಗಡಿನಾಡಿನ ಬೆಟ್ಟಗಳೂ ನಿಜಕ್ಕೂ ಕ್ಯಾಲಿಫೋರ್ನಿಯಾದವು. ಬಾಂಬೆ ಮತ್ತು ಬಂಗಾಳದಲ್ಲಿ ಈ ಚಿತ್ರವನ್ನು ನಿಷೇಧಿಸಿದ್ದರು.

ಹಾಗಂತ ನಮ್ಮವನೊಬ್ಬ ತೆರೆ ಮೇಲೆ ಬಂದರೆ ಸಾಕು ಅಂತ ನಾನು ಹೇಳುವುದಿಲ್ಲ. ಕಥೆ ಅವನಿಗೆ ಏನು ಮಾಡಲು ಬಿಡುತ್ತದೆ ಅನ್ನುವುದನ್ನೂ ನೋಡಬೇಕು, ಅಲ್ವಾ? 1942ರ 'ಅರೇಬಿಯನ್ ನೈಟ್ಸ್'ನಲ್ಲಿ ಸಾಬು ನಾಯಕನ ಬೆನ್ನಿಗೆ ನಿಲ್ಲುತ್ತಾನೆ. ನಾಯಕಿ ಮರಿಯಾ ಮಾಂಟೆಜ್ ಸೇರುವುದು ಜಾನ್ ಹಾಲ್ ಜೊತೆ. 'ವೈಟ್ ಸ್ಯಾವೇಜ್', 'ಕೋಬ್ರಾ ವುಮನ್' ಚಿತ್ರಗಳಲ್ಲೂ ಅದೇ ಮೂವರು, ಅದೇ ಏರ್ಪಾಡು. 1934ರಿಂದ ಬಿಗಿಯಾಗಿ ಜಾರಿಯಾದ ಹಾಲಿವುಡ್‌ನ ನೀತಿಸಂಹಿತೆ ಕಪ್ಪು ಮತ್ತು ಬಿಳಿ ಜನರ ನಡುವಿನ ದೈಹಿಕ ಸಂಬಂಧ ತೋರಿಸುವುದನ್ನು ತಡೆದಿತ್ತು. ಏಷ್ಯಾದವರ ವಿಷಯದಲ್ಲೂ ಸ್ಟುಡಿಯೋಗಳು ಅಷ್ಟೇ ಹಿಂಜರಿಯುತ್ತಿದ್ದವು.

1944ರಲ್ಲಿ, 'ಕೋಬ್ರಾ ವುಮನ್' ಬಂದ ವರ್ಷವೇ, ಸಾಬು ಅಮೆರಿಕದ ಪ್ರಜೆಯಾದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಯುದ್ಧವಿಮಾನದ ಬಾಲದಲ್ಲಿ ಕೂತು ಬಂದೂಕು ನಡೆಸಿ, ವಾಯುಯೋಧರಿಗೆ ಕೊಡುವ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದ. ಇಂಥವನಿಗೆ 'ಕೋಬ್ರಾ ವುಮನ್'ನಲ್ಲಿ ಕೊಟ್ಟಿದ್ದು ಚಿಂಪಾಂಜಿಯ ಜೊತೆ ನಾಯಕನ ಹಿಂದೆ ಓಡಾಡುವ ಪಾತ್ರ. ಇದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ಆದರೂ ನೋಡಿ ಅನ್ನುತ್ತೇನೆ. ಆ ಇಕ್ಕಟ್ಟಿನಲ್ಲೂ ಸಾಬು ತೆರೆಯನ್ನು ತುಂಬುತ್ತಾನೆ. ಎಲ್ಲಿಂದ ಶುರು ಮಾಡಲಿ ಅಂದರೆ, 1940ರ 'ದ ಥೀಫ್ ಆಫ್ ಬಾಗ್ದಾದ್'. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ ಅವರ ಕಂಪನಿಯ ಚಿತ್ರ, ಯುದ್ಧದಿಂದಾಗಿ ಹಾಲಿವುಡ್‌ನಲ್ಲಿ ಮುಗಿಯಿತು. ರಾಜಕುಮಾರಿ ಇಲ್ಲೂ ಬಿಳಿಯ ನಾಯಕನಟ ಜಾನ್ ಜಸ್ಟಿನ್ ಪಾಲಿಗೇ. ಆದರೆ ಕಥೆಯನ್ನು ಮುಂದಕ್ಕೆ ಒಯ್ಯುವವನು ಕಳ್ಳ ಅಬು, ಅಂದರೆ ನಮ್ಮ ಸಾಬು. ಬಾಟಲಿಯಿಂದ ಹೊರಬರುವ ಜಿನ್ ಆಗಿ ಆಫ್ರಿಕನ್-ಅಮೆರಿಕನ್ ನಟ ರೆಕ್ಸ್ ಇಂಗ್ರಾಮ್ ಇದ್ದಾರೆ. ಮೂರನೇ ವರ ಕೊಟ್ಟ ಕೂಡಲೇ, ಇನ್ನು ಯಾರ ಆಳೂ ಅಲ್ಲ ಅಂತ ಜೋರಾಗಿ ನಗುತ್ತಾ ಹಾರಿಹೋಗುತ್ತಾರೆ. ಇವರಿಬ್ಬರೇ ಇರುವ ದೃಶ್ಯಗಳನ್ನು ಮಾತ್ರ ತಪ್ಪಿಸಬೇಡಿ.