ಎರಡು ರಾತ್ರಿ, 14ರಿಂದ 71

ಕಲಬುರಗಿ, ಸೋಮವಾರ, ಮೇ 5, 2025

ಬೆಳಿಗ್ಗೆ ಲ್ಯಾಬ್ ಬಾಗಿಲು ತೆಗೆದರೆ ಒಳಗೆ ಒಲೆ ಹಚ್ಚಿಟ್ಟಂತಹ ಕಾವು. ಶನಿವಾರ ಎಸಿ ಬಂದ್ ಮಾಡಿ ಹೋಗಿದ್ದೆವು. ಸ್ಯಾಂಪಲ್ ಡಬ್ಬಿ ತೆಗೆದು, ಗಾಜಿನ ಮೇಲೆ ತೆಳ್ಳಗೆ ಬಳಿದ ಸಿಲಿಕೋನ್ ಮೇಲೆ ಒಂದು ಹನಿ ನೀರು ಬಿಟ್ಟೆ. ಹರಡಲಿಲ್ಲ. ಉಬ್ಬಿಕೊಂಡು ನಿಂತಿತು.

ಶನಿವಾರ ಇದೇ ಚೂರನ್ನು ಒಂದು ನಿಮಿಷ ಆಕ್ಸಿಜನ್ ಪ್ಲಾಸ್ಮಾದಲ್ಲಿ, ಅಂದರೆ ವಿದ್ಯುತ್ತಿನಿಂದ ಕೆರಳಿಸಿದ ಆಕ್ಸಿಜನ್ ಅನಿಲದಲ್ಲಿ, ಇಟ್ಟಿದ್ದೆ. ಹನಿಯ ಅಂಚಿನ ಕೋನ 108 ಡಿಗ್ರಿಯಿಂದ 14ಕ್ಕೆ ಇಳಿದಿತ್ತು, ಅಂದರೆ ನೀರು ಚೆನ್ನಾಗಿ ಹರಡಿತ್ತು. ಇವತ್ತು 71. ತುಂಬಾ ಬೇಜಾರಾಯಿತು.

ಸಿಲಿಕೋನ್ ಮೈತುಂಬ ಮೀಥೈಲ್ ಗುಂಪುಗಳು, ಅವಕ್ಕೆ ನೀರು ಆಗುವುದಿಲ್ಲ. ಪ್ಲಾಸ್ಮಾ ಅವನ್ನು ಕಿತ್ತು ಆ ಜಾಗದಲ್ಲಿ ನೀರಿಗೆ ಒಗ್ಗುವ ಹೈಡ್ರಾಕ್ಸಿಲ್ ಗುಂಪು ಕೂರಿಸುತ್ತದೆ. ಆದರೆ ಬದಲಾಗುವುದು ನ್ಯಾನೋಮೀಟರ್ ಲೆಕ್ಕದ ಮೇಲ್ಪದರ ಮಾತ್ರ. ಅವ್ವ ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆ ಆಡಿಸುತ್ತಾಳಲ್ವಾ, ಹಾಗೆ. ಒಳಗೆ ಎಲ್ಲಿಗೂ ಕಟ್ಟಿಕೊಳ್ಳದ ಚಿಕ್ಕ ಸಿಲಿಕೋನ್ ಎಳೆಗಳು ಉಳಿದಿರುತ್ತವೆ. ಅವು ನಿಧಾನಕ್ಕೆ ಮೇಲೆ ಬಂದು ಹೈಡ್ರಾಕ್ಸಿಲ್ ಮುಚ್ಚುತ್ತವೆ. ಕಾವು ಹೆಚ್ಚಿದಷ್ಟೂ ಬೇಗ. ನಮ್ಮೂರ ಮೇ ತಿಂಗಳಿಗೆ ಎರಡು ರಾತ್ರಿ ಸಾಕಾಯಿತು.

ಮುತ್ಯಾಗೆ ಕೊನೆಯ ವರ್ಷ ಯೂರಿನ್ ಪೈಪ್ ಹಾಕಿದ್ದರು. ಅದೂ ಸಿಲಿಕೋನ್‌ದೇ. ಒಳಗೆ ಕಟ್ಟಿಕೊಂಡು ಬಂದ್ ಆಗೋದು, ಜ್ವರ ಬರೋದು. ನಡುರಾತ್ರಿ ಆಟೋದಲ್ಲಿ ಅವರ ತಲೆ ನನ್ನ ತೊಡೆ ಮೇಲೆ ಇಟ್ಟುಕೊಂಡು ಹೋಗಿದ್ದು ಮರೆಯಲು ಆಗುವುದಿಲ್ಲ. ಬರಿ ಸಿಲಿಕೋನ್‌ಗೆ ಮೊದಲು ಪ್ರೋಟೀನ್ ಅಂಟುತ್ತದೆ, ಅದರ ಮೇಲೆ ಬ್ಯಾಕ್ಟೀರಿಯಾ ಮನೆ ಮಾಡುತ್ತದೆ. ಹೈಡ್ರಾಕ್ಸಿಲ್ ಮೇಲಿರುವಾಗಲೇ ಅದಕ್ಕೆ ಪಾಲಿಎಥಿಲೀನ್ ಗ್ಲೈಕಾಲ್ ಎಳೆಗಳನ್ನು ಕಟ್ಟಿದರೆ, ಅವು ನೀರು ಹಿಡಿದಿಟ್ಟುಕೊಂಡು ಪ್ರೋಟೀನ್ ಕೂರಲು ಬಿಡುವುದಿಲ್ಲ. ನಾನು ಮಾಡಬೇಕಿರುವುದು ಅದೇ ಕೆಲಸ. ಕಟ್ಟುವ ಗೂಟವೇ ಮುಚ್ಚಿಹೋದರೆ ಎಲ್ಲಿಗೆ ಕಟ್ಟಲಿ?

ಪ್ಲಾಸ್ಮಾದಲ್ಲಿ ಐದು ನಿಮಿಷ ಇಡೋಣವಾ ಅಂತ ಸರ್‌ನ ಕೇಳಿದೆ. "ಬ್ಯಾಡವ್ವಾ, ಜಾಸ್ತಿ ಇಟ್ರ ಮ್ಯಾಲಿನ ಪದರ ಗಾಜಿನಂಗ ಆಗಿ ಬಿರೀತದ. ಆ ಬಿರುಕಿನಾಗಿಂದ ಒಳಗಿಂದು ಇನ್ನಾ ಜಲ್ದಿ ಬರ್ತದ" ಅಂದರು. ಮೊದಲೇ ಸಿಲಿಕೋನನ್ನು ಹೆಕ್ಸೇನ್ ಅನ್ನೋ ದ್ರಾವಕದಲ್ಲಿ ನೆನೆಸಿ, ಆ ಚಿಕ್ಕ ಎಳೆಗಳನ್ನೇ ತೊಳೆದು ತೆಗೆ ಅಂತಲೂ ಹೇಳಿದರು. ಒಂದಿಷ್ಟು ಚೂರು ನೆನೆಸಿಟ್ಟಿದ್ದೇನೆ.

ಸಂಜೆ ಹೊಸ ಆರು ಚೂರುಗಳಿಗೆ ಪ್ಲಾಸ್ಮಾ ಕೊಟ್ಟೆ, ಒಂದೊಂದು ನಿಮಿಷವೇ. ಮೂರನ್ನು ತಕ್ಷಣ ಡಿಸ್ಟಿಲ್ಡ್ ವಾಟರ್‌ನಲ್ಲಿ ಮುಳುಗಿಸಿದೆ, ಮೂರನ್ನು ಒಣ ಡಬ್ಬಿಯಲ್ಲಿ ಇಟ್ಟೆ. ನೀರಿನಲ್ಲಿದ್ದರೆ ಹೈಡ್ರಾಕ್ಸಿಲ್ ಜಾಸ್ತಿ ದಿನ ಮೇಲೆ ಉಳಿಯುತ್ತದೆ. ಬೆಳಿಗ್ಗೆ ಹತ್ತಕ್ಕೆ ಆರರ ಮೇಲೂ ಹನಿ ಬಿಡುತ್ತೇನೆ.