ತಲೆಯಿಲ್ಲದ ರಾಕ್ಷಸ: ಎಂ-ಸೀಲ್ ಗೊಂಬೆಗಳ ಮೂರನೇ ವಾರ

ನಾಲ್ಕರಲ್ಲಿ ಎರಡು ಮುಗಿದವು. ಒಂದು ಮುರಿಯಿತು. ಇನ್ನೊಂದಕ್ಕೆ ತಲೆಯೇ ಇಲ್ಲ.

ಶನಿವಾರ ರಾತ್ರಿ ನಮ್ಮ ಮನೆಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ, ಮೇಜಿನ ಸುತ್ತ ಕೂತು ಪಾತ್ರಗಳಾಗಿ ಕಥೆ ಕಟ್ಟುವ ಆಟ. ಇಷ್ಟು ದಿನ ಮಾನ್‌ಸ್ಟರ್ ಜಾಗದಲ್ಲಿ ಕೇರಂ ಕಾಯಿ ಇಡುತ್ತಿದ್ದೆವು. ಈಗ ಗೊಂಬೆ ಮಾಡಲು ಹೊರಟಿದ್ದೇನೆ. ಒಳಗೆ ತಾಮ್ರದ ತಂತಿ, ಮೇಲೆ ಎಂ-ಸೀಲ್, ಎತ್ತರ ಎರಡು ಇಂಚು. ಷರತ್ತು ಒಂದೇ. ಆಟದ ಪುಸ್ತಕದ ಚಿತ್ರ ನೋಡಬಾರದು. ಆ ಪ್ರಾಣಿ ಮೊದಲು ಯಾವ ಕಥೆಯಲ್ಲಿತ್ತೋ, ಅಲ್ಲಿ ಹೇಗಿತ್ತೋ ಹಾಗೇ ಮಾಡಬೇಕು.

ಟ್ರೋಲ್ ಸಲೀಸಾಗಿ ಆಯಿತು. ಯುರೋಪಿನ ಅಜ್ಜಿಕಥೆಗಳ ಟ್ರೋಲ್ ಬಿಸಿಲು ಬಿದ್ದರೆ ಕಲ್ಲಾಗುತ್ತದೆ. ಆಟದ ಟ್ರೋಲ್ ಹಾಗಲ್ಲ, ಕಡಿದಷ್ಟೂ ಕೂಡಿಕೊಳ್ಳುತ್ತದೆ. ಇದು ಪೋಲ್ ಆಂಡರ್ಸನ್ ಬರೆದ 'ತ್ರೀ ಹಾರ್ಟ್ಸ್ ಅಂಡ್ ತ್ರೀ ಲಯನ್ಸ್' ಕಥೆಯದು. 1953ರಲ್ಲಿ ಪತ್ರಿಕೆಯಲ್ಲಿ ಬಂತು, 1961ರಲ್ಲಿ ಪುಸ್ತಕವಾಯಿತು. ಹಸಿರು ಚರ್ಮ, ಗಜದುದ್ದ ಮೂಗು. ಕಡಿದ ಕೈ ತಾನೇ ತೆವಳುತ್ತದೆ. ಸುಟ್ಟರೆ ಮಾತ್ರ ಸಾವು. ನಮ್ಮ ರಕ್ತಬೀಜಾಸುರನಿಗೆ ದೂರದ ನೆಂಟ ಅನ್ನಬಹುದು, ಅಲ್ವಾ? ಆಟ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಮೂಗು, ಬೆಂಕಿ ಎರಡನ್ನೂ ಹಾಗೇ ಎತ್ತಿಕೊಂಡರು. ನಾನು ಜೊತೆಗೆ ಒಂದು ತುಂಡು ಕೈಯನ್ನೂ ಮಾಡಿಟ್ಟೆ.

ಮುರಿದದ್ದು ಡಿಸ್ಪ್ಲೇಸರ್ ಬೀಸ್ಟ್. ಕಪ್ಪು ಚಿರತೆಯಂಥ ಮೈ, ಹೆಗಲಿನಿಂದ ಎರಡು ಉದ್ದನೆಯ ಬಳ್ಳಿಕೈ. ಇದರ ತವರು 1939ರ ಜುಲೈ ತಿಂಗಳ 'ಅಸ್ಟೌಂಡಿಂಗ್ ಸೈನ್ಸ್ ಫಿಕ್ಷನ್' ಪತ್ರಿಕೆ. ಎ. ಇ. ವ್ಯಾನ್ ವೋಗ್ಟ್ ಅವರ 'ಬ್ಲ್ಯಾಕ್ ಡೆಸ್ಟ್ರಾಯರ್' ಅನ್ನೋ ಕಥೆ. ಅಲ್ಲಿ ಇದರ ಹೆಸರು ಕರ್ಲ್. ಹಾಳುಬಿದ್ದ ಗ್ರಹದಲ್ಲಿ ಹಸಿದು ಅಲೆಯುತ್ತಿರುತ್ತದೆ. ಮನುಷ್ಯರ ಅಂತರಿಕ್ಷ ನೌಕೆ ಬಂದಾಗ ಪೆದ್ದು ಬೆಕ್ಕಿನ ಹಾಗೆ ನಟಿಸಿ ಒಳಗೆ ಸೇರುತ್ತದೆ. ಪಕ್ಕಾ ಬುದ್ಧಿವಂತ.

ನಾನು ರೂಢಿಯ ಮೇಲೆ ಆರು ಕಾಲಿಗೆ ತಂತಿ ತಿರುಚಿದ್ದೆ. ಕಥೆ ಮತ್ತೆ ಓದಿದರೆ ಕಾಲು ನಾಲ್ಕೇ! ಆರು ಕಾಲು ಆಟದವರ ಸೇರ್ಪಡೆ. ಎರಡು ಕತ್ತರಿಸಿದೆ. ಮುಂಗಾಲು ಹಿಂಗಾಲಿನ ಎರಡರಷ್ಟು ಉದ್ದ ಅಂತ ಬೇರೆ ಬರೆದಿದ್ದಾರೆ. ಹಾಗೆ ಮಾಡಿದೆ. ಹಿಂದಕ್ಕೆ ಮಗುಚಿ ಬಿತ್ತು, ಬಳ್ಳಿಕೈ ಬುಡಕ್ಕೇ ಮುರಿಯಿತು. ಎರಡು ಜಾಸ್ತಿ ಕಾಲು ಯಾಕೆ ಕೊಟ್ಟರೋ, ಗೊಂಬೆ ಮಾಡುವವನಿಗಂತೂ ಅದು ಉಪಕಾರ. ಆಟದಲ್ಲಿ ಇದಕ್ಕೆ ಕೊಟ್ಟ, ಇದ್ದ ಜಾಗಕ್ಕಿಂತ ಮೂರು ಅಡಿ ಆಚೆ ಕಾಣಿಸುವ ಮಾಯೆಯೂ ಕಥೆಯಲ್ಲಿಲ್ಲ. ಅಂದರೆ ಮೈ ಮಾತ್ರ ವ್ಯಾನ್ ವೋಗ್ಟ್ ಅವರದು. ತಮಾಷೆ ಅಂದರೆ, ಗೈಗ್ಯಾಕ್ಸ್ 1979ರಲ್ಲಿ ತಮಗೆ ಸ್ಫೂರ್ತಿ ಕೊಟ್ಟ ಲೇಖಕರ ಪಟ್ಟಿ ಅಚ್ಚು ಹಾಕಿಸಿದರು. ಅದರಲ್ಲಿ ವ್ಯಾನ್ ವೋಗ್ಟ್ ಹೆಸರಿಲ್ಲ.

ಮೂರನೆಯದು ಶ್ಯಾಂಬ್ಲಿಂಗ್ ಮೌಂಡ್, ನಡೆದಾಡುವ ಕಸದ ಗುಡ್ಡೆ. ಆಟಕ್ಕೆ ಬಂದದ್ದು 1975ರಲ್ಲಿ. ಕಾಮಿಕ್ ಓದಿದವರಿಗೆ ಇದರ ಮನೆತನ ಗೊತ್ತು. 1942ರಲ್ಲಿ 'ಹೀಪ್' ಬಂದ. ಜೌಗಿನಲ್ಲಿ ಸತ್ತ ಜರ್ಮನ್ ವಿಮಾನ ಚಾಲಕ ಸೊಪ್ಪು, ಕೆಸರು ಮೆತ್ತಿಕೊಂಡು ಎದ್ದು ಬರುವ ಕಥೆ. 1971ರಲ್ಲಿ ಇಂಥವೇ ಜೌಗಿನ ಜೀವಿಗಳು, ಮ್ಯಾನ್-ಥಿಂಗ್, ಸ್ವಾಂಪ್ ಥಿಂಗ್ ಎರಡೂ ಒಟ್ಟೊಟ್ಟಿಗೆ ಬಂದವು. ಆಗಿನ ಆಟದವರ ಕೈಯಲ್ಲಿ ಕಾಮಿಕ್ ಇದ್ದೇ ಇತ್ತು. 1974ರಲ್ಲಿ ಆಟ ಮಾರಾಟಕ್ಕೆ ಬಂದ ಮೊದಲ ಪೆಟ್ಟಿಗೆಯ ಮೇಲಿನ ಕುದುರೆ ಸವಾರನೇ 1968ರ 'ಸ್ಟ್ರೇಂಜ್ ಟೇಲ್ಸ್' ಕಾಮಿಕ್‌ನ ಚಿತ್ರವೊಂದರ ನಕಲು. ಇದಕ್ಕೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ತೆಂಗಿನ ನಾರು ಸುತ್ತಿ ಹಸಿರು ಬಣ್ಣ ಬಳಿದೆ. ಹತ್ತು ನಿಮಿಷದ ಕೆಲಸ. ನಾಲ್ಕರಲ್ಲಿ ಇದೇ ಚೆನ್ನಾಗಿ ಬಂದಿದೆ, ಏನು ಮಾಡೋದು!

ಈಗ ತಲೆಯಿಲ್ಲದವನು. ಆಟದಲ್ಲಿ 'ರಾಕ್ಷಸ' ಅನ್ನೋದೇ ಒಂದು ಮಾನ್‌ಸ್ಟರ್. 1977ರ 'ಮಾನ್‌ಸ್ಟರ್ ಮ್ಯಾನ್ಯುಯಲ್'ನಲ್ಲಿ ಡೇವಿಡ್ ಟ್ರಾಂಪಿಯರ್ ಬರೆದ ಚಿತ್ರವಿದೆ. ಹುಲಿ ತಲೆ, ಮೈಮೇಲೆ ನಿಲುವಂಗಿ, ಬಾಯಲ್ಲಿ ಪೈಪು. ಮೊದಲ ಸಲ ನೋಡಿದಾಗ ನಕ್ಕಿದ್ದೆ. ಆ ಪುಸ್ತಕದ ಪ್ರಕಾರ ಮಂತ್ರಿಸಿದ ಅಡ್ಡಬಿಲ್ಲಿನ ಬಾಣ ತಾಗಿದರೆ ಇವನು ಸಾಯುತ್ತಾನೆ. ಈ ಬಾಣ ಯಾವ ಪುರಾಣದ್ದು ಅಂತ ಸುಮ್ನೆ ಹುಡುಕಿದ್ದೆ. ಪುರಾಣದ್ದಲ್ಲ, ಟಿವಿಯದು. 1974ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಬಂದ 'ಕೋಲ್ಚಾಕ್: ದಿ ನೈಟ್ ಸ್ಟಾಕರ್' ಧಾರಾವಾಹಿಯ ಒಂದು ಕಂತು. ಅಲ್ಲಿ ರಾಕ್ಷಸ ಷಿಕಾಗೋದಲ್ಲಿರುತ್ತಾನೆ. ನಾವು ತುಂಬಾ ನಂಬುವವರ ರೂಪದಲ್ಲಿ ಹತ್ತಿರ ಬರುತ್ತಾನೆ. ಕೊಲ್ಲೋದು ಅದೇ ಬಾಣದಿಂದ. ಮರುವರ್ಷವೇ ಆಟದಲ್ಲಿ ಹಾಜರ್.

ರೂಪ ಬದಲಿಸೋದು ಮಾತ್ರ ನಮ್ಮದೇ. ಮಾರೀಚ ಜಿಂಕೆಯಾಗಲಿಲ್ಲವೇ? ಹಾಗಾದರೆ ನನ್ನ ಷರತ್ತಿನ ಪ್ರಕಾರ ಯಾವುದು ಮೊದಲ ಕಥೆ? ಟಿವಿಯೋ, ರಾಮಾಯಣವೋ? ಟಿವಿ ಅಂದರೆ ಕೂದಲು ತುಂಬಿದ ಒಂದು ಮುಖ ಮಾಡಿ ಮುಗಿಸಬಹುದು. ನನಗೆ ಆಸೆ ಇರೋದು ಯಕ್ಷಗಾನದ ಬಣ್ಣದ ವೇಷದ ಮೇಲೆ. ಆದರೆ ಆ ಮುಖಕ್ಕೆ ಚಿಟ್ಟಿ ಇಡಬೇಕು. ಬಟಾಣಿ ಗಾತ್ರದ ತಲೆಗೆ ಸೂಜಿ ಮೊನೆಯಲ್ಲಿ ಸಾಲು ಸಾಲು ಬಿಳಿ ಚುಕ್ಕಿ. ನಿನ್ನೆ ಎರಡು ಸಲ ಇಟ್ಟೆ, ಎರಡು ಸಲವೂ ಸಿಡುಬು ಬಂದ ಹಾಗೆ ಕಂಡಿತು. ಕಿತ್ತುಹಾಕಿದೆ.

ಸದ್ಯಕ್ಕೆ ನಿಲುವಂಗಿ ತೊಟ್ಟು ನಿಂತಿದ್ದಾನೆ. ಕತ್ತಿನ ಮೇಲೆ ತಂತಿಯ ತುದಿ. ಈ ಶನಿವಾರ ಅವನ ಪಾಲಿಗೂ ಕೇರಂ ಕಾಯಿಯೇ.