ಮೈ ಸೆವೆನ್‌ದು, ಚಪಲ ಡಾಕ್ಟರದು

ಇವತ್ತು ಮತ್ತೆ ಬಾಹ್ಯಾಕಾಶ ಹಡಗಿನ ಕಥೆಯ ಟಿವಿ ಧಾರಾವಾಹಿ ‘ಸ್ಟಾರ್ ಟ್ರೆಕ್: ವಾಯೇಜರ್’ನ ‘ಬಾಡಿ ಅಂಡ್ ಸೋಲ್’ ಕಂತು ನೋಡಿದೆ. ಏಳನೇ ಸೀಸನ್, 2000ದ ನವೆಂಬರ್‌ನದು.

ಹಡಗಿನ ವೈದ್ಯ ಡಾಕ್ಟರ್ ಬರೀ ಹಾಲೊಗ್ರಾಮ್, ಮೈಯಿಲ್ಲದ ಕಂಪ್ಯೂಟರ್ ಪ್ರೋಗ್ರಾಂ. ಲೊಕಿರಿಮ್ ಜನಕ್ಕೆ ಹಾಲೊಗ್ರಾಮ್ ಕಂಡರಾಗದು. ಅಳಿಸಿಬಿಡ್ತಾರೆ ಅಂತ ಅವನ ಪ್ರೋಗ್ರಾಂ ಹಡಗಿನ ಸಿಬ್ಬಂದಿ ಸೆವೆನ್‌ಳ ಮೈಯೊಳಗಿನ ಬೋರ್ಗ್ (ಅರೆಯಂತ್ರ ಜನಾಂಗದ) ಇಂಪ್ಲಾಂಟ್‌ಗಳೊಳಗೆ ಸೇರುತ್ತೆ. ಈಗ ಅವಳ ಮೈ ಆಡಿಸೋದು ಅವನೇ.

ಮೈ ಸಿಕ್ಕಿದ್ದೇ ತಡ, ಚೀಸ್‌ಕೇಕ್!

ಅದೂ ಸೆರೆಯಲ್ಲಿದ್ದಾಗ. ಕೇಳಿದ ತಿಂಡಿ ಸೃಷ್ಟಿಸೋ ಯಂತ್ರ ರೆಪ್ಲಿಕೇಟರ್ ತೋರಿಸೋ ನೆಪ. ಮೊದಲ ತುತ್ತಿಗೇ ಕಣ್ಣು ಮುಚ್ಚಿ ನರಳೋ ಆ ಮುಖ ನೋಡಬೇಕು. ತಿಂದವನು ಅವನು, ಹೊಟ್ಟೆ ಅವಳದು. ಆಮೇಲೆ ಸೆವೆನ್ ಸಿಡಿಮಿಡಿಗೊಳ್ಳೋದು ನ್ಯಾಯವೇ.

ಬ್ರಿಟಿಷ್ ಹಾಸ್ಯ ಧಾರಾವಾಹಿ ‘ರೆಡ್ ಡ್ವಾರ್ಫ್’ ಇದನ್ನೇ 1989ರ ‘ಬಾಡಿಸ್ವಾಪ್’ನಲ್ಲಿ ಬೇರೆ ಥರ ಮಾಡಿತ್ತು: ಒಬ್ಬನ ಬಾಯಿಗೆ ಇನ್ನೊಬ್ಬನ ದನಿ ಡಬ್ಬಿಂಗ್. ನಗು ಬರುತ್ತೆ, ಆದರೆ ಅರ್ಧ ಕೆಲಸ ದನಿಯೇ ಮಾಡಿಬಿಡುತ್ತೆ. ತುಟಿ ಚೂರು ತಪ್ಪಿದರೂ ಕಣ್ಣಿಗೆ ಹೊಡೆಯುತ್ತೆ.

ಇಲ್ಲಿ ಸೆವೆನ್ ಪಾತ್ರದ ಜೆರಿ ರಯಾನ್‌ಗೆ ಆ ಆಸರೆಯೂ ಇಲ್ಲ. ದನಿ ತನ್ನದೇ. ಡಾಕ್ಟರ್ ಪಾತ್ರದ ರಾಬರ್ಟ್ ಪಿಕಾರ್ಡೊನ ಹುಬ್ಬು, ತನ್ನ ಮಾತಿಗೆ ತಾನೇ ಮೆಚ್ಚಿಕೊಳ್ಳೋ ಬಿಂಕ, ಅವಮಾನವಾದಾಗಿನ ಆ ಬಿಗುಮಾನ, ಎಲ್ಲ ಎತ್ತಿಕೊಂಡಿದ್ದಾಳೆ. ಸೆಟೆದು ನಿಲ್ಲೋ ಸೆವೆನ್ ಎಲ್ಲಿ ಹೋದಳೋ!

ನಡುವೆ ಹಡಗಿನ ವಲ್ಕನ್ ಅಧಿಕಾರಿ ಟುವಾಕ್‌ನ ಪಾನ್ ಫಾರ್ (ವಲ್ಕನ್ನರ ಕೂಡುವ ಹಂಬಲದ ಕಾಲ) ಉಪಕಥೆ ಬೇರೆ. ಫಾಸ್ಟ್ ಫಾರ್ವರ್ಡ್ ಮಾಡಿಬಿಟ್ಟರೂ ನಷ್ಟವಿಲ್ಲ.